5893 ಆಂಗ್‌ಸ್ಟ್ರಾಮ್

ಸರ್ ತೀರಿಕೊಂಡ ಸುದ್ದಿ ಫೋನಿಗೆ ಬಂದಾಗ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಎರಡೂವರೆ ಮೀಟರ್ ಕಾಟನ್ ಬಟ್ಟೆ ಅಳೆಯುತ್ತಿದ್ದೆ. ಓದಿದೆ. ಫೋನನ್ನು ಬೋರಲು ಹಾಕಿ ಇಟ್ಟೆ. ಅಳೆದು ಮುಗಿಸಿ, ಕತ್ತರಿಸಿ, ಮಡಚಿ ಪಿಶವಿ ಚೀಲಕ್ಕೆ ಹಾಕಿ ಕೊಟ್ಟೆ. ಗಿರಾಕಿ ಮೆಟ್ಟಿಲಿಳಿದ ಮೇಲೆ ಇನ್ನೊಮ್ಮೆ ಓದಿದೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಊಟದ ಹೊತ್ತಾಗಿತ್ತು, ಡಬ್ಬಿ ಬಿಚ್ಚಿ ಉಂಡೆ. ಪಲ್ಯಕ್ಕೆ ಉಪ್ಪು ಕಡಿಮೆ ಇದ್ದದ್ದು ಕೂಡ ನೆನಪಿದೆ.

ಒಂದೂವರೆ ತಿಂಗಳಾಯಿತು, ಈಗಲೂ ಹಾಗೇ ಇದ್ದೇನೆ. ‘ನಿಮ್ಮ ಸರ್ ಹೋಗ್ಯಾರ, ಕಣ್ಣಾಗಿಂದ ಒಂದ ಹನಿ ನೀರರ ತಗದ್ರಿ?’ ಎಂದು ಹೆಂಡತಿ ಕೇಳಿದಳು. ಬಟ್ಟೆ ಅರ್ಧ ಇಂಚು ಕಡಿಮೆ ಕತ್ತರಿಸಿದರೆ ದಿನವಿಡೀ ಕೈಕೈ ಹಿಸುಕಿಕೊಳ್ಳುವ ಮನುಷ್ಯ ನಾನು. ಅವರ ವಿಷಯಕ್ಕೆ ಬಂದರೆ ಒಳಗೆ ಏನೂ ಅಲುಗಾಡುವುದಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಮುಟ್ಟಿ ನೋಡಿಕೊಂಡರೆ ಇದು ನನ್ನದೋ ಬೇರೆಯವರದೋ ಅನ್ನಿಸುತ್ತದಲ್ಲ, ಹಾಗೆ.

ಅವರ ಹೆಸರು ಬರೆಯುವುದಿಲ್ಲ. ಸೊಲ್ಲಾಪುರದ ಕಾಲೇಜೊಂದರಲ್ಲಿ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ಮನೆ ಅಕ್ಕಲಕೋಟದಲ್ಲಿ. ದಿನವೂ ಎಸ್‌ಟಿ ಬಸ್ಸಿಗೆ ಬಂದು ಎಸ್‌ಟಿ ಬಸ್ಸಿಗೇ ಹೋಗುತ್ತಿದ್ದರು. ನಾವೆಲ್ಲ ಹಿಂದಿನಿಂದ ಅವರನ್ನು ಆಂಗ್‌ಸ್ಟ್ರಾಮ್ ಸರ್ ಎನ್ನುತ್ತಿದ್ದೆವು. ಅದೊಂದು ಉದ್ದದ ಅಳತೆ. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಬೆಳಕಿನ ಅಲೆಯ ಉದ್ದವನ್ನು ಅದರಲ್ಲಿ ಅಳೆಯುತ್ತಾರೆ. ಸರ್ ಅಷ್ಟು ಗಿಡ್ಡರೇನೂ ಇರಲಿಲ್ಲ. ಆದರೆ ಹಲಗೆಯ ಮೇಲ್ಭಾಗ ಒರೆಸಲು ಕುರ್ಚಿ ಬೇಕಾಗುತ್ತಿತ್ತು, ಹುಡುಗರಿಗೆ ಅಷ್ಟು ಸಾಕು.

ಹೆಸರು ಬೀಳಲು ಇನ್ನೊಂದು ಕಾರಣವೂ ಇತ್ತು. ಆ ಅಳತೆಯನ್ನು ಇಂಗ್ಲಿಷಿನ ಎ ಅಕ್ಷರದ ತಲೆಯ ಮೇಲೆ ಸಣ್ಣ ಸೊನ್ನೆ ಇಟ್ಟು ಬರೆಯಬೇಕು. ಸೊನ್ನೆ ಮರೆತವನ ಕಥೆ ಮುಗಿಯಿತು. ‘ಟೊಪ್ಪಿಗಿ ಎಲ್ಲಿ ಅದನೋ? ಬರೇ ಎ ಬರದ್ರ ಆಂಪಿಯರ್ ಆಗ್ತದ. ಬೆಳಕ ಅಳ್ಯಾಕ ಹೋಗಿ ಶಾಕ್ ಹೊಡಸ್ಕೋತಿ’ ಎಂದು ಅರ್ಧ ಅಂಕ ಕತ್ತರಿಸುತ್ತಿದ್ದರು. ಒಮ್ಮೆ ನಮ್ಮಲ್ಲೊಬ್ಬ, ಅರ್ಧ ಅಂಕ ಹೋದ ಸಿಟ್ಟಿಗೆ, ಅಷ್ಟು ಸಣ್ಣ ಸೊನ್ನೆಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ ಎಂದು ಕೇಳಿದ. ಸರ್ ಹಲಗೆಗೆ ಬರೆಯುತ್ತಿದ್ದ ಖಡು ಕೆಳಗಿಟ್ಟರು. ‘ಅದು ಒಬ್ಬ ಮನಷ್ಯಾನ ಹೆಸರು ತಮ್ಮಾ. ನಿನ್ನ ಹೆಸರಿನ ಒಂದ ಅಕ್ಷರ ನಾ ಬಿಟ್ಟ ಬರದ್ರ ನೀ ಸುಮ್ಮನಿರ್ತೀಯೇನು?’

ಆ ಮನುಷ್ಯ ಸ್ವೀಡನ್ ದೇಶದ ವಿಜ್ಞಾನಿ. ಸರ್ ಅವನ ಬಗ್ಗೆ ಮಾತಾಡಿದರೆ ಸೋದರಮಾವನ ಬಗ್ಗೆ ಮಾತಾಡಿದಂತಿರುತ್ತಿತ್ತು. ‘ಅಲ್ಲಿ ಥಂಡಿ ದಿವಸದಾಗ ಸೂರ್ಯಾ ನೆಟ್ಟಗ ಕಾಣಂಗಿಲ್ಲ. ಅಂಥಾ ಊರಾಗ ಕುಂತು ಆ ಮನಷ್ಯಾ ಸೂರ್ಯಾನ ಬೆಳಕು ಗೆರಿ ಗೆರಿ ಬಿಡಿಸಿ ಅಳದ. ಅಲ್ಲಿ ಹೈಡ್ರೋಜನ್ ಅದ ಅಂತ ಇಲ್ಲಿಂದ ಹೇಳಿದ. ನಮಗ ಸೊಲ್ಲಾಪುರದಾಗ ವರ್ಷಪೂರ್ತಿ ನೆತ್ತಿ ಮ್ಯಾಲ ಸೂರ್ಯಾ. ನಾವ ಏನ ಮಾಡೇವಿ? ಟೊಪ್ಪಿಗಿ ಹಾಕ್ಕೊಂಡೀವಿ.’

ಅಕ್ಕಲಕೋಟ ಯಾತ್ರೆಯ ಊರು. ಗುರುವಾರ ಬಂತೆಂದರೆ ಅವರ ಮನೆಯ ತುಂಬ ದರ್ಶನಕ್ಕೆ ಬಂದ ಬೀಗರು, ಬೀಗರ ಬೀಗರು. ಸರ್ ಅವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಹಿತ್ತಲ ಕೋಣೆಯ ಕಿಟಕಿಗೆ ರಟ್ಟು ಬಡಿದು, ರಟ್ಟಿಗೊಂದು ಸೀಳು ಮಾಡಿ, ಪಟ್ಟಕ ಹಿಡಿದು ಗೋಡೆಯ ಮೇಲೆ ಸೂರ್ಯನ ಬಣ್ಣ ಬಿಡಿಸುತ್ತಿದ್ದರು. ‘ದರ್ಶನ ಆತಿಲ್ರಿ? ಈಗ ಇದೊಂದ ಮಾಡಿ ಹೋಗ್ರಿ.’ ಪ್ರಸಾದದ ಪೊಟ್ಟಣ ಹಿಡಿದ ಅಜ್ಜಿಯರು ಕತ್ತಲ ಕೋಣೆಯಲ್ಲಿ ನಿಂತು ಗೋಡೆಗೂ ಕೈ ಮುಗಿದು ಬರುತ್ತಿದ್ದರಂತೆ. ಇದನ್ನು ಅವರೇ ಹೇಳಿ ನಗುತ್ತಿದ್ದರು. ನಗುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿತ್ತು. ಬಹಳ ವರ್ಷ ದುರ್ಬೀನಿಗೆ ಒಂದೇ ಕಣ್ಣು ಹಚ್ಚಿ ಹಾಗಾಗಿತ್ತು. ಬೈಯುವಾಗಲೂ, ಬಸ್ಸಿನ ಬೋರ್ಡು ಓದುವಾಗಲೂ ಎಡಗಣ್ಣು ಮುಚ್ಚಿಯೇ ಇರುತ್ತಿತ್ತು.

ಪ್ರ್ಯಾಕ್ಟಿಕಲ್‌ನಲ್ಲಿ ಅವರದು ಒಂದೇ ಮಾತು. ‘ಕಣ್ಣಿಗಿ ಕಂಡದ್ದ ಬರೀ. ಪುಸ್ತಕದಾಗಿಂದು ಪುಸ್ತಕದಾಗ ಇರ್ಲಿ.’

ಅವರಿಂದ ಆದ ತಪ್ಪು, ನನ್ನಿಂದ ಆದ ತಪ್ಪು, ಎರಡೂ ಈ ಮಾತಿನ ಬುಡದಲ್ಲೇ ಆದವು.

ಮೂರನೇ ವರ್ಷದಲ್ಲಿ ನಮಗೆ ಸೋಡಿಯಂ ದೀಪದ ಹಳದಿ ಬೆಳಕಿನ ಅಲೆಯ ಉದ್ದ ಅಳೆಯುವ ಪ್ರಯೋಗವಿತ್ತು. ಗ್ರೇಟಿಂಗ್ ಎಂಬ ಗಾಜಿನ ಚೌಕ. ಅದರ ಮೇಲೆ ತೆಳ್ಳಗಿನ ಹಾಳೆ. ಹಾಳೆಯ ಮೇಲೆ ಇಂಚಿಗೆ ಹದಿನೈದು ಸಾವಿರ ಗೆರೆ. ದೀಪದ ಬೆಳಕು ಆ ಗೆರೆಗಳಲ್ಲಿ ಹಾದು ಪಕ್ಕಕ್ಕೆ ತಿರುಗುತ್ತದೆ. ಎಷ್ಟು ತಿರುಗಿತು ಎಂದು ದುರ್ಬೀನಿನಲ್ಲಿ ನೋಡಿ, ಆ ಕೋನದಿಂದ ಲೆಕ್ಕ ಹಾಕಿದರೆ ಉತ್ತರ 5893 ಆಂಗ್‌ಸ್ಟ್ರಾಮ್ ಬರಬೇಕು. ಬರಬೇಕು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ತೊಂದರೆ ಅಲ್ಲೇ.

ನಮ್ಮ ಬ್ಯಾಚಿನಲ್ಲಿ ನಾಗಣಸೂರಿನ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಕುರಿ ಸಾಕುತ್ತಿದ್ದರು, ಬೀರೋಬ ದೇವರ ಒಕ್ಕಲು. ಅವಳ ಜರ್ನಲ್‌ನ ರಟ್ಟಿಗೆ ಯಾವಾಗಲೂ ಭಂಡಾರದ ಅರಿಶಿನದ ಹಳದಿ ಅಂಟಿರುತ್ತಿತ್ತು. ಅವಳಿಗೆ 5950 ಬಂತು. ಸರ್ ಇನ್ನೊಮ್ಮೆ ಮಾಡಿಸಿದರು: 5948. ಮೂರನೇ ಸಲ 5951. ‘ಸರ್, ಗ್ರೇಟಿಂಗ್‌ದಾಗ ಏನರ ಫರಕ ಆಗ್ಯಾದೇನ್ರಿ?’ ಎಂದು ಕೇಳಿದಳು. ಸರ್ ಎಡಗಣ್ಣು ಮುಚ್ಚಿ ಯೋಚಿಸಿದರು. ‘ಆಗಿರಬಹುದು. ಸೋಮವಾರ ನಾನ ಕುಂತು ನೋಡ್ತೀನಿ’ ಎಂದರು. ಅವತ್ತು ಶನಿವಾರ.

ಅದೇ ದಿನ ಕೊನೆಯ ತಾಸು ನನ್ನ ಪಾಳಿ. ದೀಪಾವಳಿ ಹತ್ತಿರ ಬಂದಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಬೇಗ ಬಾ ಎಂದು ಅಪ್ಪ ಹೇಳಿದ್ದರು. ನಾನು ದೀಪ ಹಚ್ಚಿಟ್ಟು, ಪಕ್ಕದಲ್ಲಿ ಕೂತು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. 5893 ಬರಬೇಕಾದರೆ ಕೋನ ಇಪ್ಪತ್ತು ಡಿಗ್ರಿ ಇಪ್ಪತ್ತೆರಡು ಮಿನಿಟು ಇರಬೇಕು. ಅದನ್ನೇ ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಡಿಮೆ ಮಾಡಿ, ನೋಡಿದಂತೆ ಕಾಣುವ ಹಾಗೆ ಬರೆದು ಕೊಟ್ಟೆ. ನಮ್ಮಲ್ಲಿ ಇದಕ್ಕೆ ಉಲ್ಟಾ ಗಣಿತ ಎಂದು ಹೆಸರಿತ್ತು. ಕಳ್ಳತನ ಅನ್ನಿಸಲೇ ಇಲ್ಲ ನನಗೆ. ಎಷ್ಟು ಬೇಗ ಮುಗಿಯಿತಲ್ಲ ಎಂದು ಖುಷಿಯಾಗಿತ್ತು.

ಸರ್ ನನ್ನ ಜರ್ನಲ್ ನೋಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಿಲ್ಲ. ಆ ಹುಡುಗಿಯನ್ನು ಕರೆದು ಎರಡೂ ಜರ್ನಲ್ ಪಕ್ಕಪಕ್ಕ ಇಟ್ಟರು. ‘ಅದೇ ಗ್ರೇಟಿಂಗ್, ಅದೇ ದೀಪ. ಅವಗ ಬಂದದ ನೋಡು. ನೀ ಒಮ್ಮಿ ಕಣ್ಣ ತೋರಿಸ್ಕೊ ತಂಗಿ.’ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯಿತ್ತು. ನಾನು ಅಲ್ಲೇ ನಿಂತಿದ್ದೆ. ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದೆ.

ಸೋಮವಾರ ಸರ್ ಗ್ರೇಟಿಂಗ್ ಪರೀಕ್ಷೆ ಮಾಡಲಿಲ್ಲ. ಯಾಕೆ ಮಾಡುತ್ತಾರೆ? ನನ್ನ 5893 ಇತ್ತಲ್ಲ. ಆ ಹುಡುಗಿಗೆ ಪ್ರ್ಯಾಕ್ಟಿಕಲ್‌ನಲ್ಲಿ ಅಂಕ ಕಡಿಮೆಯಾದವು, ಅದರಿಂದ ಫಸ್ಟ್ ಕ್ಲಾಸ್ ಹೋಯಿತು, ಅದರಿಂದ ಎಂ.ಎಸ್ಸಿ. ಸೀಟು ಹೋಯಿತು. ಇಷ್ಟು ಓದಿದ್ದು ಸಾಕು ಎಂದು ಅವರಪ್ಪ ಊರಿಗೆ ಕರೆದುಕೊಂಡು ಹೋದರು. ನನ್ನ ಜರ್ನಲ್ಲು ಮಾತ್ರ ಮುಂದಿನ ಬ್ಯಾಚುಗಳಿಗೆ ತೋರಿಸಲೆಂದು ಬಹಳ ವರ್ಷ ಲ್ಯಾಬಿನ ಕಪಾಟಿನಲ್ಲಿತ್ತು. 5950 ಎಂದು ಬರೆದು ತಂದ ಪ್ರತಿಯೊಬ್ಬರ ಮುಂದೆಯೂ ಸರ್ ಅದನ್ನು ಬಿಚ್ಚಿ ಇಡುತ್ತಿದ್ದರಂತೆ.

ಇದೆಲ್ಲ ನಾನು ಮರೆತೇಬಿಟ್ಟಿದ್ದೆ. ಮರೆಯಲು ಕಷ್ಟವೇನೂ ಪಡಲಿಲ್ಲ. ಸರ್ ನಿವೃತ್ತರಾದರು, ಅಪ್ಪನ ಅಂಗಡಿ ನನ್ನದಾಯಿತು. ಮೂರು ವರ್ಷದ ಹಿಂದೆ ಒಂದು ದಿನ ಸರ್ ಶರ್ಟಿನ ಬಟ್ಟೆ ಕೊಳ್ಳಲು ಬಂದರು. ಕೂದಲೆಲ್ಲ ಬೆಳ್ಳಗಾಗಿತ್ತು, ಎಡಗಣ್ಣು ಹಾಗೇ ಮುಚ್ಚುತ್ತಿತ್ತು. ಎರಡು ಮೀಟರ್ ಎಂದರು. ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ನಾನು ಅವರಿಗೂ ಹೇಳಿದೆ. ‘ಒಂದ ನಾಕ ಇಂಚ ಜಾಸ್ತಿ ತಗೋರಿ ಸರ್. ಕಾಟನ್ ಅದ, ಆಟ್ತದ.’

ಆಟುವುದು ಎಂದರೆ ಬಟ್ಟೆ ಕುಗ್ಗುವುದು. ಮರಾಠಿಯಿಂದ ಬಂದ ಮಾತು, ನಮ್ಮ ಧಂದೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಸರ್ ಬಟ್ಟೆಯ ಅಂಚು ಹಿಡಿದು ನಿಂತುಬಿಟ್ಟರು.

‘ಆಟಿದ್ರ ಎಳಿ ಹತ್ತ್ಹತ್ತರ ಬರ್ತಾವಲ್ಲ?’

‘ಬರ್ತಾವ್ರಿ. ಅದಕ್ಕಽ ದಪ್ಪ ಕಾಣ್ತದ.’

‘ಬಿಸಿಲಿಗೂ ಆಟ್ತದ?’

‘ಸೊಲ್ಲಾಪುರದ ಬಿಸಿಲಿಗಿ ಮನಷ್ಯಾರ ಆಟ್ತಾರ್ರಿ ಸರ್’ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದರು. ವಯಸ್ಸಾಯಿತು, ತಲೆ ನೆಟ್ಟಗಿಲ್ಲ ಎಂದುಕೊಂಡು ನಾನು ಬಟ್ಟೆಯ ಥಾನು ಸುತ್ತಿಟ್ಟೆ.

ಅವರು ಅಲ್ಲಿಂದ ಸೀದಾ ಕಾಲೇಜಿಗೆ ಹೋಗಿದ್ದರು. ಹಳೆಯ ಗ್ರೇಟಿಂಗ್ ಕೇಳಿ ಪಡೆದು, ಹೊಸದರ ಪಕ್ಕದಲ್ಲಿಟ್ಟು ಅಳೆದಿದ್ದರು. ಆ ತೆಳ್ಳಗಿನ ಹಾಳೆ ವರ್ಷಾನುಗಟ್ಟಲೆ ಸೆಕೆಗೆ ಆಟಿತ್ತು. ಗೆರೆಗಳು ಹತ್ತಿರ ಸರಿದಿದ್ದವು. ಹದಿನೈದು ಸಾವಿರ ಎಂದು ಬರೆದ ಚೀಟಿ ಮಾತ್ರ ಹಾಗೇ ಇತ್ತು. ಆ ಗ್ರೇಟಿಂಗಿನಲ್ಲಿ ನೆಟ್ಟಗೆ ನೋಡಿದವರಿಗೆ 5950ರ ಆಸುಪಾಸೇ ಬರಬೇಕು. ಬೇರೆ ಬರಲು ಸಾಧ್ಯವೇ ಇಲ್ಲ.

ಸರ್ ತಮ್ಮ ಹಳೆಯ ರಿಜಿಸ್ಟರ್ ತೆಗೆದರು. ಹಾಗೆ ಕಂಡದ್ದನ್ನೇ ಬರೆದು ಅಂಕ ಕಳೆದುಕೊಂಡವರು ಎಲ್ಲ ಬ್ಯಾಚು ಸೇರಿ ಹನ್ನೊಂದು ಮಂದಿ ಸಿಕ್ಕರು. ಉಳಿದವರೆಲ್ಲ ನನ್ನಂಥವರೇ. ಆ ಹನ್ನೊಂದು ಮಂದಿಯ ಊರು ಹುಡುಕಿಕೊಂಡು, ರಿಜಿಸ್ಟರನ್ನು ಜೋಳಿಗೆಗೆ ಹಾಕಿಕೊಂಡು, ಎಸ್‌ಟಿ ಬಸ್ಸು ಹತ್ತಿ ಹೊರಟರು.

ಅವರಲ್ಲೊಬ್ಬ, ಹೋಟಗಿಯಲ್ಲಿ ರೈಲ್ವೆ ಕೆಲಸದಲ್ಲಿರುವವನು, ಒಮ್ಮೆ ಅಂಗಡಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ. ‘ಡ್ಯೂಟಿ ಮ್ಯಾಲ ಇದ್ದೆ, ಸರ್ ಬಂದ್ರು. ಚಾ ಕುಡೀರಿ ಅಂದ್ರ ಕುಡೀಲಿಲ್ಲ. ನಿನ್ನ ರೀಡಿಂಗ್ ಖರೇ ಇತ್ತಪಾ, ನಂದ ತಪ್ಪಾಗ್ಯಾದ ಅಂದ್ರು. ರಿಜಿಸ್ಟರ್ ತಗದು ಕೆಂಪ ಶಾಯಿಲೆ ಹಳೀ ಮಾರ್ಕ ಹೊಡದು ಪೂರಾ ಮಾರ್ಕ ಹಾಕಿ ಸಹಿ ಮಾಡಿದ್ರು. ನನಗ ರಿಟಾಯರ್ ಆಗಾಕ ಬಂದದ, ಈ ಮಾರ್ಕ ತಗೊಂಡು ಏನ ಮಾಡ್ಲಿ?’ ನಗು ನಿಲ್ಲಿಸಿ, ‘ಮನಿಗಿ ಹೋಗಿ ಹೇಣ್ತಿಗಿ ಹೇಳ್ದೆ ನೋಡು’ ಎಂದ. ನಾನೂ ನಕ್ಕೆ. ನನ್ನ ಜರ್ನಲ್ಲು ನೆನಪಾದದ್ದು ಆಗ.

ಸರ್ ನನ್ನಲ್ಲಿಗೆ ಬಂದದ್ದು ಕಳೆದ ವರ್ಷ. ಗಾದಿಯ ಮೇಲೆ ಕೂತು ನೀರು ಕುಡಿದರು. ಮೊದಲು ಸ್ವೀಡನ್ನಿನವನ ವಿಷಯ ತೆಗೆದರು. ‘ಅವನ ಊರಾಗಿನ ಮೀಟರ್ ಪಟ್ಟಿನ ಒಂದೀಟ ತಪ್ಪಿತ್ತಂತ. ಅದರ ಮ್ಯಾಲ ಅಳದಾನ, ಎಲ್ಲಾ ಅಂಕಿ ಕೂದಲೆಳಿಯಷ್ಟ ಸರದಾವ. ಅವಗ ಗೊತ್ತಾತು. ಪೂರಾ ತಿದ್ದೂದರಾಗ ಹೋಗಿಬಿಟ್ಟ. ಜೋಡಿ ಕೆಲಸ ಮಾಡಿದಾಂವ ಮುಂದ ತಿದ್ದಿ ಅಚ್ಚ ಹಾಕಿಸಿದ. ಇಷ್ಟ ವರ್ಷ ಅವನ ಹೆಸರ ಹೇಳಿ ಕಲಿಸೀನಿ, ಇದ ನನಗ ಗೊತ್ತಿರಲಿಲ್ಲ.’

ಆಮೇಲೆ ರಿಜಿಸ್ಟರ್ ಬಿಚ್ಚಿದರು. ‘ಹತ್ತ ಮಂದಿಗಿ ಹೇಳಿ ಬಂದೀನಿ. ನಾಗಣಸೂರಿನ ಹುಡಿಗಿದು ಒಂದ ಉಳದದ. ಆಕಿ ಕಡಿ ಹೋಗೂಕಿಂತ ಮೊದಲ ನಿನ್ನ ಕೇಳಬೇಕಾಗ್ಯಾದ. ಒಂದಽ ದಿವಸ, ಒಂದಽ ಗ್ರೇಟಿಂಗ್. ಆಕಿಗಿ ಐವತ್ತೊಂಬತ್ತ ಐವತ್ತ ಬಂದದ, ಬರಬೇಕಾದ್ದ. ನಿನಗ ಐವತ್ತೆಂಟ ತೊಂಬತ್ಮೂರ ಹ್ಯಾಂಗ ಬಂತು? ಅದೊಂದ ತಿಳೀವಲ್ದು.’

ನಾನು ಅವರನ್ನೇ ನೋಡಿದೆ. ನನ್ನ ಮೇಲೆ ಅನುಮಾನವಿತ್ತೋ, ನಿಜಕ್ಕೂ ತಿಳಿಯದೆ ಕೇಳಿದರೋ, ಇಂದಿಗೂ ನನಗೆ ಗೊತ್ತಿಲ್ಲ. ಗಿರಾಕಿಗಳಿದ್ದರು. ಸೊಸೆ ಕೌಂಟರಿನಲ್ಲಿ ಕೂತಿದ್ದಳು. ಐವತ್ತೈದು ದಾಟಿದ ಮನುಷ್ಯ, ಪೇಟೆಯಲ್ಲಿ ನಾಲ್ಕು ಜನ ಮರ್ಯಾದೆ ಕೊಡುತ್ತಾರೆ. ‘ನೆನಪಿಲ್ಲರಿ ಸರ್’ ಎಂದೆ.

‘ಇರ್ಲಿ. ನೆನಪಾದ್ರ ಹೇಳು. ಗುರುವಾರ ಒಂದ ಬಿಟ್ಟು ಎಲ್ಲಾ ದಿವಸ ಮನ್ಯಾಗಽ ಇರ್ತೀನಿ. ಅರ್ಧಾಮರ್ಧಾ ಹೇಳಾಕ ಆಕಿ ಕಡಿ ಹ್ಯಾಂಗ ಹೋಗ್ಲಿ?’ ಎಂದು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು.

ಅಕ್ಕಲಕೋಟಕ್ಕೆ ಒಂದು ತಾಸಿನ ಹಾದಿ. ನಾನು ಹೋಗಲಿಲ್ಲ. ಈ ವಾರ, ಮುಂದಿನ ವಾರ, ಲಗ್ನಸರಾಯಿಯ ಗಡಿಬಿಡಿ ಮುಗಿಯಲಿ ಎನ್ನುತ್ತ ಹೋಗಲಿಲ್ಲ. ಫೋನಿನಲ್ಲೂ ಹೇಳಬಹುದಿತ್ತು. ಹೇಳಲಿಲ್ಲ. ಹೋದದ್ದು ಅವರು ತೀರಿದ ಮೂರನೇ ದಿನಕ್ಕೆ.

ಬಾಯಿಯವರು, ಎಂದರೆ ಸರ್ ಅವರ ಹೆಂಡತಿ, ನನ್ನನ್ನು ಗುರುತು ಹಿಡಿದರು. ‘ಸೊಲ್ಲಾಪುರಲಿಂದ ಯಾರರ ಫೋನ್ ಮಾಡಿದ್ರೇನು ಅಂತ ದಿನಾ ಕೇಳ್ತಿದ್ರಪಾ. ನಿಂದಽ ಇರಬೇಕು ಅನಸ್ತದ’ ಎಂದು ಸಹಜವಾಗಿ ಹೇಳಿ ಚಹಾ ಕೊಟ್ಟರು. ನಾನು ಕುಡಿದೆ. ರಿಜಿಸ್ಟರ್ ಕೇಳಿದೆ, ತಂದುಕೊಟ್ಟರು. ಹತ್ತು ಹೆಸರಿನ ಮುಂದೆ ಕೆಂಪು ಶಾಯಿ. ಒಂದರ ಮುಂದೆ ಇಲ್ಲ. ನನಗೆ ನನ್ನ ಮೇಲೆ ಹೇಸಿಗೆ ಬರಬೇಕಿತ್ತು, ಬರಬೇಕೆಂದು ಗೊತ್ತೂ ಇತ್ತು. ಚಹಾದ ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟೆ, ಅಷ್ಟೇ.

ಕಳೆದ ಸೋಮವಾರ ಆ ರಿಜಿಸ್ಟರ್ ತೆಗೆದುಕೊಂಡು ನಾಗಣಸೂರಿಗೆ ಹೋದೆ. ಆಕೆಯದು ಅಲ್ಲೇ ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು ಕೂತಿತ್ತು. ನನ್ನ ಪರಿಚಯ ಹೇಳಿಕೊಂಡ ಮೇಲೆ ‘ಬರ್ರಿ, ಕುಂಡರ್ರಿ’ ಎಂದು ಸ್ಟೂಲು ಒರೆಸಿ ಕೊಟ್ಟರು. ಮುದುಕಿಯೊಬ್ಬಳು ಜೋಳ ತಂದಿದ್ದಳು. ಗಿರಣಿಯಾಕೆ ಪುಟ್ಟಿಯನ್ನು ತೂಕದ ಕಾಟಾದ ಮೇಲಿಟ್ಟು, ತಾವು ನೋಡಿ, ಮತ್ತೆ ನನ್ನ ಕಡೆ ತಿರುಗಿ, ‘ಎಷ್ಟ ತೋರಸ್ತದ ಓದ್ರಿ ಸ್ವಲ್ಪ’ ಎಂದರು. ಓದಿ ಹೇಳಿದೆ. ವ್ಯವಹಾರದಲ್ಲಿ ಎಷ್ಟು ಚೊಕ್ಕ ಎಂದುಕೊಂಡೆ.

ಮುದುಕಿ ಹೋದ ಮೇಲೆ ಎಲ್ಲ ಹೇಳಿದೆ. ಹಾಳೆ ಆಟಿದ್ದು, ಸರ್ ಊರೂರು ತಿರುಗಿದ್ದು, ಕೊನೆಗೆ ನನ್ನ ಉಲ್ಟಾ ಗಣಿತ. ಬರೆದು ಕಲಿತ ಪಾಠ ಒಪ್ಪಿಸಿದಂತೆ ಹೇಳಿದೆ, ದನಿ ಎಲ್ಲೂ ನಡುಗಲಿಲ್ಲ. ಆಕೆ ಗಿರಣಿಗೆ ಬೆನ್ನು ಕೊಟ್ಟು ನಿಂತು ಕೇಳಿದರು. ರಿಜಿಸ್ಟರಿನಲ್ಲಿ ತಮ್ಮ ಹೆಸರು ನೋಡಿದರು. ಮುಟ್ಟಲಿಲ್ಲ, ಕೈಗೆ ಹಿಟ್ಟಿತ್ತು.

‘ಸರ್ ಹೇಳಿದ್ರಂತ ಸೊಲ್ಲಾಪುರದಾಗ ಕಣ್ಣಿನ ಡಾಕ್ಟರಿಗಿ ತೋರಿಸಿದ್ದೆ. ಕಣ್ಣ ಛೊಲೋ ಅವ ಅಂದ್ರು. ನಾ ನಂಬಲಿಲ್ರಿ. ಸರ್ ಸುಳ್ಳ ಹೇಳ್ತಾರೇನು?’ ಎಂದರು. ‘ಅಲ್ಲಿಂದ ನಾ ಕಾಟಾ ನೋಡಿದ್ರೂ, ಬಸ್ಸಿನ ಬೋರ್ಡ ನೋಡಿದ್ರೂ, ಮತ್ತೊಬ್ಬರ ಕಡಿಂದ ಓದಿಸ್ತೀನಿ. ಹಂಗಽ ರೂಢಿ ಆಗ್ಯಾದ. ಮನ್ಯಾಗ ಎಲ್ಲಾರೂ ಬೈತಾರ.’

ತಪ್ಪಾಯಿತು ಎಂದೆ. ಆ ಮಾತು ಬಾಯಿಂದ ಹೊರಟಿದ್ದು ನನಗೇ ಕೇಳಿಸಿತು, ಬೇರೆ ಯಾರೋ ಅಂದಂತೆ. ಆಕೆ ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಬೇರೇನೋ ಯೋಚಿಸುತ್ತಿದ್ದರು.

‘ಒಂದ ಕೇಳ್ತೀನ್ರಿ. ಅವತ್ತ ನಾ ಮೂರನೇ ಸಲ ನೋಡಿದಾಗ ಆ ಹಳದಿ ಗೆರಿ ಒಂದ ಇರಲಿಲ್ರಿ. ಎರಡ ಇದ್ವು. ಒಂದಕ್ಕೊಂದು ಹತ್ತಿ, ನಡುವ ಇಷ್ಟಽ ಇಷ್ಟ ಕತ್ತಲ. ಭಾಳ ಚಂದ ಇತ್ತು. ಸಂಜಿಕ ಸರ್‌ಗೆ ಹೇಳಬೇಕಂತ ಇದ್ದೆ, ಅಷ್ಟರಾಗ ಅವರು ಕರದು ಕಣ್ಣ ತೋರಿಸ್ಕೊ ಅಂದ್ರು. ಇದೂ ನನ್ನ ಕಣ್ಣಿಂದಽ ತಪ್ಪ ಇರಬೇಕಂತ ಯಾರ ಮುಂದೂ ಹೇಳಿಲ್ಲ. ನನ್ನ ಪಾಳಿ ಆದ ಮ್ಯಾಲ ನೀವು ಕುಂತಿದ್ರಿ. ನೀವೂ ನೋಡೀರಿ. ಎರಡ ಇದ್ವಲ್ರಿ?’

ಸೋಡಿಯಂ ಹಳದಿಯಲ್ಲಿ ಗೆರೆ ಎರಡೇ ಇರುತ್ತವೆ. ಪುಸ್ತಕದಲ್ಲಿದೆ, ಪರೀಕ್ಷೆಗೆ ಓದಿದ್ದೇನೆ. ಹೌದು, ನಾನೂ ನೋಡಿದೆ ಎಂದಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು. ಬಾಯಿ ತುದಿಗೆ ಬಂದಿತ್ತು ಆ ಮಾತು. ಉತ್ತರ ಗೊತ್ತಿದ್ದವನು ನಾನು, ಮತ್ತೊಮ್ಮೆ.

‘ನಾ ದುರ್ಬೀನಿಗಿ ಕಣ್ಣಽ ಹಚ್ಚಲಿಲ್ರಿ’ ಎಂದೆ.

ಆಕೆ ಸೆರಗಿನಿಂದ ಕಣ್ಣಿನ ಸುತ್ತಲ ಹಿಟ್ಟು ಒರೆಸಿಕೊಂಡರು.

‘ಎರಡ ಇದ್ವು’ ಎಂದು ಹೇಳಿ, ಗಿರಣಿ ಚಾಲೂ ಮಾಡಿದರು.